ಹೊಸ್ತಿಲ ಹೊರಗೆ ಇಳಿಸಬೇಕಾದ ಹೊರೆ

ಮನುಷ್ಯನು ದೊಡ್ಡ ದುಃಖಗಳನ್ನು ಹೊರಬಲ್ಲನು. ಸಣ್ಣ ತೊಂದರೆಗಳೆದುರು ಸೋತುಹೋಗುತ್ತಾನೆ. ಈ ಮಾತು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ನಿಮ್ಮ ಮನೆಗಳನ್ನೇ ನೋಡಿದರೆ ಇದರ ದಿಟ ತಿಳಿಯುತ್ತದೆ. ಮನೆಯ ಹಿರಿಯರು ಲಿಂಗೈಕ್ಯರಾದಾಗ ಗಟ್ಟಿಯಾಗಿ ನಿಂತು ಬಂದವರಿಗೆಲ್ಲ ಧೈರ್ಯ ಹೇಳಿದ ಗೃಹಸ್ಥರು, ಎರಡು ವರ್ಷ ಮಳೆ ಕೈಕೊಟ್ಟರೂ ಎದೆಗುಂದದ ರೈತರು, ಸ್ನಾನದ ನಡುವೆ ನಲ್ಲಿಯ ನೀರು ನಿಂತಿತೆಂದು ಮನೆಮಂದಿಯನ್ನೆಲ್ಲ ಗದರುವುದನ್ನು ನಾವು ಕಂಡಿದ್ದೇವೆ. ಚಟ್ನಿ ಅರ್ಧ ಆಗಿರುವಾಗ ಕರೆಂಟು ಹೋಗುತ್ತದೆ. ಬೀಗರು ಬಂದು ಕುಳಿತಿರುವಾಗಲೇ ಒಲೆಯ ಮೇಲಿನ ಸಿಲಿಂಡರ್ ಮುಗಿಯುತ್ತದೆ. ಹೊರಟು ನಿಂತ ಹೊತ್ತಿಗೆ ಕನ್ನಡಕ ಕಾಣುವುದಿಲ್ಲ. ಸಿಕ್ಕಿ ಹೊರಟರೆ ರೈಲ್ವೆ ಗೇಟು ಬಿದ್ದಿರುತ್ತದೆ.

ಇವುಗಳನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಲಾಜರಸ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ದಿನನಿತ್ಯದ 117 ಕಿರಿಕಿರಿಗಳ ಪಟ್ಟಿಯೊಂದನ್ನು ಮಾಡಿ, ನಡುವಯಸ್ಸಿನ ಸ್ತ್ರೀಪುರುಷರಿಗೆ ತಿಂಗಳಿಗೊಮ್ಮೆಯಂತೆ 10 ತಿಂಗಳ ಕಾಲ ಕೊಟ್ಟು ಗುರುತು ಹಾಕಿಸಿದರು. ವಸ್ತು ಎಲ್ಲೋ ಇಟ್ಟು ಮರೆಯುವುದು, ಬೆಲೆ ಏರುವುದು, ಕೆಲಸಗಳು ಮೈಮೇಲೆ ಬೀಳುವುದು, ಇಂಥವೇ ಆ ಪಟ್ಟಿಯಲ್ಲಿದ್ದವು. ಸಾವು, ವಿಚ್ಛೇದನ, ನೌಕರಿ ಹೋಗುವುದು ಮೊದಲಾದ ದೊಡ್ಡ ಘಟನೆಗಳಿಗಿಂತ ಈ ಸಣ್ಣ ಕಿರಿಕಿರಿಗಳಿಗೇ ಮನಸ್ಸಿನ ಬೇನೆಗಳೊಡನೆ ಹತ್ತಿರದ ಸಂಬಂಧವಿದೆಯೆಂದು ಅವರಿಗೆ ಕಂಡುಬಂತು. ದೊಡ್ಡ ದುಃಖ ಬಂದಾಗ ನೆರೆಹೊರೆಯವರು ಬರುತ್ತಾರೆ, ಬಂಧುಗಳು ಬುತ್ತಿ ತರುತ್ತಾರೆ, ಹೆಗಲಿಗೆ ಹೆಗಲು ಸಿಗುತ್ತದೆ. ಸಿಲಿಂಡರ್ ಮುಗಿದುದಕ್ಕೆ ಸಮಾಧಾನ ಹೇಳಲು ಯಾರು ಬರುತ್ತಾರೆ?

ಹೀಗೆ ಬರೆಯುವ ನಮಗೆ ಈ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರ ಎಷ್ಟಿದೆ ಎಂಬುದನ್ನು ಓದುಗರೇ ತೀರ್ಮಾನಿಸಲಿ. ನಡೆದುದನ್ನು ಮುಚ್ಚಿಡದೆ ಹೇಳುತ್ತೇವೆ.

ನಾವು ಕೇಂದ್ರ ಸರ್ಕಾರದ ಶಾಲೆಗಳಲ್ಲಿ ಸಂಸ್ಕೃತ ಕಲಿಸಿ 2018ರಲ್ಲಿ ನಿವೃತ್ತರಾದವರು. ನಿವೃತ್ತಿವೇತನ ಪಡೆಯುವವರು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಸಲ್ಲಿಸಬೇಕು. ಲೈಫ್ ಸರ್ಟಿಫಿಕೇಟ್ ಎಂದೇ ಅದು ಎಲ್ಲರ ಬಾಯಲ್ಲಿದೆ. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ ಬಂದ ಮೇಲೆ ಬೆರಳಚ್ಚು ಕೊಟ್ಟು ಅದನ್ನು ಮುಗಿಸಬಹುದಾಗಿದೆ. 2024ರ ನವೆಂಬರಿನ ಒಂದು ಮುಂಜಾನೆ ನಾವು ನಮ್ಮ ಪಟ್ಟಣದ ಸೇವಾ ಕೇಂದ್ರವೊಂದಕ್ಕೆ ಹೋದೆವು. ನಮಗಿಂತ ಮೊದಲೇ ಹದಿನೈದು ಇಪ್ಪತ್ತು ಜನ ಪಾಳಿ ಹಚ್ಚಿ ನಿಂತಿದ್ದರು. ಒಂದೂವರೆ ಗಂಟೆಯ ಮೇಲೆ ನಮ್ಮ ಪಾಳಿ ಬಂತು. ಯಂತ್ರವು ನಮ್ಮ ಹೆಬ್ಬೆರಳನ್ನು ಗುರುತಿಸಲಿಲ್ಲ. ಬಲಗೈ ಆಯಿತು, ಎಡಗೈ ಆಯಿತು, ಹತ್ತೂ ಬೆರಳುಗಳ ಪ್ರದಕ್ಷಿಣೆ ಆಯಿತು. ವಯಸ್ಸಾದಂತೆ ಚರ್ಮ ಒಣಗಿ ಗೆರೆಗಳು ಮಾಸುತ್ತವೆ, ಅದು ಯಾರ ತಪ್ಪೂ ಅಲ್ಲ. ಅಷ್ಟರಲ್ಲಿ ಕೌಂಟರಿನಲ್ಲಿದ್ದ ಹುಡುಗಿ, "ಸರ್ವರ್ ಡೌನ್ ಆಗೇತ್ರಿ ಸರ್, ಸ್ವಲ್ಪ ತಡೀರಿ" ಎಂದಳು.

ಆಗ ನಮ್ಮ ಬಾಯಿಂದ ಹೊರಟ ಮಾತುಗಳನ್ನು ಇಲ್ಲಿ ಬರೆಯಲು ಲೇಖನಿ ಒಪ್ಪದು. ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದ ಆ ಹುಡುಗಿ ತಲೆ ತಗ್ಗಿಸಿ ಕೀಲಿಮಣೆಯನ್ನು ನೋಡುತ್ತ ಕುಳಿತಳು. ಸರ್ವರ್ ಎಂಬುದು ಎಲ್ಲಿದೆಯೋ ಅವಳೂ ಕಂಡವಳಲ್ಲ.

ನಮ್ಮ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮಾಸಾಶನದ ಹಣ ತೆಗೆಯಲು ಬಂದಿದ್ದಳು. ಅದು ಅವಳ ಮೂರನೆಯ ದಿನ. ಅವಳ ಬೆರಳೂ ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಅವಳು ನಮ್ಮ ಕಡೆ ನೋಡಿ ನಕ್ಕು, "ಹತ್ತಿ ಬಿಡಿಸಿ ಬಿಡಿಸಿ ಬೆರಳಿನ ಗೆರಿ ಸವದಾವ್ರಿ ಮಾಸ್ತರ, ನಾ ಇನ್ನೂ ಸವದಿಲ್ಲ" ಎಂದಳು. ಬಳಿಕ ಸೆರಗಿನಿಂದ ಬೆರಳೊರೆಸಿಕೊಂಡು ಹುಡುಗಿಯ ಕಡೆ ತಿರುಗಿ, "ಇನ್ನೊಮ್ಮೆ ನೋಡು ತಂಗಿ. ಆಗಲಿಲ್ಲಂದ್ರ ನಾಳಿ ಯಾವ ಹೊತ್ತಿಗೆ ಬರ್ಲಿ ಅಂತ ಚೀಟಿ ಬರದು ಕೊಡು. ಮೂರು ದಿನ ಬಂದೀನಿ ಅನ್ನೂದೂ ಅದರಾಗ ಬರಿ" ಎಂದಳು. ಧ್ವನಿ ಏರಲಿಲ್ಲ, ಕೇಳುವುದನ್ನು ಬಿಡಲೂ ಇಲ್ಲ. ಹುಡುಗಿ ಚೀಟಿ ಬರೆದುಕೊಟ್ಟಳು.

ಮುಂದೆ ನಮ್ಮ ಕೆಲಸವೂ ಆಯಿತು. ಬೆರಳು ಒಗ್ಗದವರು ಮೊಬೈಲಿಗೆ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ಸೌಲಭ್ಯ 2021ರ ನವೆಂಬರಿನಿಂದಲೇ ಇದೆ. ಸರ್ವರ್ ತಿರುಗಿ ಬಂದ ಮೇಲೆ ಆ ಹುಡುಗಿಯೇ ಅದನ್ನು ಮಾಡಿಕೊಟ್ಟಳು. ಮೊಬೈಲು ನಮ್ಮ ಮುಖವನ್ನು ಸುಮ್ಮನೆ ಒಪ್ಪಲಿಲ್ಲ. ಕಣ್ಣು ಮಿಟುಕಿಸಿರೆಂದು ಕೇಳಿತು. ಚಿತ್ರವೋ ಜೀವಂತ ಮನುಷ್ಯನೋ ಎಂಬುದನ್ನು ಅದು ಹಾಗೆ ತಿಳಿಯುತ್ತದೆಯಂತೆ. ಸಿಟ್ಟಿನಿಂದ ಕೆಕ್ಕರಿಸಿ ನಿಂತ ಕಣ್ಣುಗಳನ್ನು ನಾವು ಮಿಟುಕಿಸಿದೆವು.

ಕಥೆ ಅಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುವ ಪ್ರಸಂಗವಿರುತ್ತಿರಲಿಲ್ಲ. ಕೆಲಸವಾಗಿತ್ತು, ಕಾಗದ ಕಿಸೆಯಲ್ಲಿತ್ತು. ಆದರೂ ಸಿಟ್ಟು ನಮ್ಮೊಡನೆ ಮನೆಗೆ ಬಂತು. ಮೂರನೆಯ ತರಗತಿಯಲ್ಲಿ ಓದುವ ಮೊಮ್ಮಗ ಶುದ್ಧಬರಹದ ನೋಟುಪುಸ್ತಕ ಹಿಡಿದು ಓಡಿ ಬಂದ. ಪ್ರತಿ ಸಂಜೆ ನಾವೇ ಅದನ್ನು ತಿದ್ದುವುದು ರೂಢಿ. ಅಂದು ಶಾಲೆಗೆ ರಜೆಯಿದ್ದುದರಿಂದ ಮಧ್ಯಾಹ್ನಕ್ಕೇ ಬರೆದು ಮುಗಿಸಿದ್ದ. ಚಪ್ಪಲಿಯನ್ನೂ ಕಳಚದೆ ನಾವು ಪುಟ ತಿರುವಿ, "ಒಂದಕ್ಷರವೂ ನೆಟ್ಟಗಿಲ್ಲ" ಎಂದು ಪುಸ್ತಕ ಹಿಂದಿರುಗಿಸಿದೆವು. ಸಂಜೆ ಮನಸ್ಸು ತಣಿದ ಮೇಲೆ ನೋಡಿದೆವು. ಅಕ್ಷರಗಳು ನೆಟ್ಟಗೇ ಇದ್ದವು. ಮುಂದೆ ಹಲವು ದಿನ ಆ ಹುಡುಗ ಪುಸ್ತಕವನ್ನು ತನ್ನ ತಾಯಿಗೆ ತೋರಿಸಿದನೇ ಹೊರತು ನಮ್ಮ ಹತ್ತಿರ ತರಲಿಲ್ಲ.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಸೇವಾ ಕೇಂದ್ರದ ತೊಂದರೆ ನಮ್ಮಿಂದ ಕಸಿದುಕೊಂಡದ್ದು ಎರಡು ಗಂಟೆ ಮಾತ್ರ. ಉಳಿದುದನ್ನೆಲ್ಲ ನಾವೇ ಕೈಯಾರೆ ಕೊಟ್ಟೆವು, ಅದೂ ನಮ್ಮದಲ್ಲದ್ದನ್ನು. ಆ ಮಗುವಿನ ಸಂಭ್ರಮ ನಮ್ಮ ಆಸ್ತಿಯಾಗಿತ್ತೇ?

ಇದರಲ್ಲಿ ನಮಗೆ ಹೆಚ್ಚು ನಾಚಿಕೆ ತಂದದ್ದು ಇನ್ನೊಂದು. ಕಾಯುವುದನ್ನು ನಾವು ಕಲಿಯದವರಲ್ಲ. 1969ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಶ್ರೀಮಠದ ಪ್ರಸಾದ ನಿಲಯ ಸೇರಿದೆವು. ಇನ್ನೂರಕ್ಕೂ ಮಿಕ್ಕ ಹುಡುಗರು ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಿದ್ದೆವು. ಮೊದಲನೆಯ ಗಂಗಾಳಕ್ಕೆ ರೊಟ್ಟಿ ಬಿದ್ದರೂ ಕೊನೆಯ ಗಂಗಾಳಕ್ಕೆ ಪಲ್ಯ ಬೀಳುವ ತನಕ ಯಾರೂ ತುತ್ತು ಮುಟ್ಟುವಂತಿರಲಿಲ್ಲ. ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಸುಮ್ಮನೆ ಕೂಡುವುದು ಹನ್ನೊಂದರ ಹುಡುಗನಿಗೆ ಸಣ್ಣ ತಪಸ್ಸಲ್ಲ. ಆದರೂ ಅಲ್ಲಿ ಸಿಟ್ಟು ಬಂದ ನೆನಪಿಲ್ಲ. ಐವತ್ತು ವರ್ಷ ಕಳೆದ ಮೇಲೆ, ಅಷ್ಟೆಲ್ಲ ಶಾಸ್ತ್ರ ಓದಿದ ಮೇಲೆ, ಒಂದು ಕೌಂಟರಿನ ಮುಂದೆ ಆ ಶಿಕ್ಷಣ ಎಲ್ಲಿ ಹೋಯಿತು?

ಬಹಳ ದಿನ ಈ ಪ್ರಶ್ನೆ ನಮ್ಮನ್ನು ಕಾಡಿತು. ಕಾಯುವಿಕೆಯನ್ನು ಕುರಿತು ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದ ಪ್ರಬಂಧದ ವಿಚಾರಗಳು ಉತ್ತರಕ್ಕೆ ದಾರಿ ತೋರಿದವು. ಗಡಿಯಾರದ ಹೊತ್ತು ಬೇರೆ, ಕಾಯುವವನ ಹೊತ್ತು ಬೇರೆ. ಕಾರಣ ತಿಳಿಯದ ಕಾಯುವಿಕೆ, ಕೊನೆ ಎಂದೆಂದು ತಿಳಿಯದ ಕಾಯುವಿಕೆ, ಅನ್ಯಾಯವೆನಿಸುವ ಕಾಯುವಿಕೆ, ಒಬ್ಬಂಟಿಯ ಕಾಯುವಿಕೆ ಇವು ಇರುವುದಕ್ಕಿಂತ ಉದ್ದವೆನಿಸುತ್ತವೆ. ಪ್ರಸಾದದ ಪಂಕ್ತಿಯಲ್ಲಿ ಕಾರಣ ತಿಳಿದಿತ್ತು, ಕೊನೆ ಕಣ್ಣೆದುರು ಇತ್ತು, ಎಲ್ಲರಿಗೂ ಒಂದೇ ನ್ಯಾಯವಿತ್ತು, ಮಗ್ಗುಲಲ್ಲಿ ಗೆಳೆಯನಿದ್ದ. ಕೌಂಟರಿನ ಮುಂದೆ ಇವೊಂದೂ ಇರಲಿಲ್ಲ. ಅಲ್ಲ, ಒಂದು ಇತ್ತು. ಇಪ್ಪತ್ತು ಜನ ಅದೇ ಪಾಳಿಯಲ್ಲಿ ನಿಂತಿದ್ದರು. ನಾವೇ ಅವರನ್ನು ಜೊತೆಯವರೆಂದು ಕಾಣದೆ ಅಡ್ಡಿಯೆಂದು ಕಂಡೆವು. ಮುದುಕಿ ಹಾಗೆ ಕಾಣಲಿಲ್ಲ, ನಮ್ಮೊಡನೆಯೂ ಮಾತನಾಡಿದಳು.

ಕನ್ನಡದ ಕೆಲವು ಮಾತುಗಳಲ್ಲಿ ಈ ತಿಳಿವು ಮೊದಲಿನಿಂದಲೂ ಅಡಗಿದೆ. ನಮ್ಮ ಕಡೆ ‘ತಡಿ’ ಎಂದರೆ ನಿಲ್ಲು, ಕಾಯಿ ಎಂದರ್ಥ. ‘ತಡಕೋ’ ಎಂದರೆ ಸೈರಿಸು. ಅತ್ತ ಮೈಸೂರು ಸೀಮೆಯವರು ‘ತಾಳು, ಬಂದೆ’ ಎನ್ನುತ್ತಾರೆ. ಅದೇ ‘ತಾಳು’ ತಾಳ್ಮೆಗೂ ಬೇರು. ಕಾಯುವುದಕ್ಕೂ ಸಹಿಸುವುದಕ್ಕೂ ಒಂದೇ ಮಾತು. ಇನ್ನು ‘ಸಮಾಧಾನ’ವೆಂಬುದು ಸಂಸ್ಕೃತದ್ದು. ಚದುರಿದುದನ್ನು ಕೂಡಿಸಿ ಅದರ ನೆಲೆಯಲ್ಲಿಡುವುದು ಎಂಬುದು ಅದರ ಧಾತುವಿನ ಅರ್ಥ. ‘ಸಮಾಧಿ’ ಎಂಬ ಯೋಗಿಗಳ ಮಾತು ಹುಟ್ಟಿದ್ದೂ ಅದೇ ಧಾತುವಿನಿಂದ. ಆದರೆ ಕನ್ನಡದ ತಾಯಂದಿರು ಅಳುವ ಕೂಸನ್ನು ಸಮಾಧಾನ ಮಾಡುತ್ತಾರೆ. ಗುಹೆಯ ಮಾತನ್ನು ತೊಟ್ಟಿಲ ಬಳಿಗೆ ತಂದ ಭಾಷೆ ನಮ್ಮದು. ಅಕ್ಕಮಹಾದೇವಿಯವರು ‘ಸಮಾಧಾನಿ’ ಎಂಬ ಮಾತನ್ನು ಬಳಸಿದ ಆ ಪ್ರಸಿದ್ಧ ವಚನದಲ್ಲಿ ಬೆಟ್ಟ, ಕಡಲುಗಳ ಜೊತೆಗೆ ಸಂತೆಯ ಗದ್ದಲವೂ ದೃಷ್ಟಾಂತವಾಗಿ ಬಂದಿರುವುದನ್ನು ಶರಣಬಂಧುಗಳು ಗಮನಿಸಬೇಕು. ಸಂತೆಯಲ್ಲಿ ಕೆಡುವ ಸಮಾಧಾನವನ್ನು ಪೂಜೆಯ ಕೋಣೆಯಲ್ಲಿ ಮಾತ್ರ ಕಾಪಾಡಿಕೊಂಡು ಏನು ಫಲ? ಅಲ್ಲಿಯಾದರೂ ಉಳಿದಿದೆಯೇ ಎಂದರೆ ಅದೂ ಸಂಶಯವೇ. ಲಿಂಗಪೂಜೆಗೆ ಕುಳಿತಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತೆಂದು ಗದರುವ ಹಿರಿಯರು ಹಲವರಿದ್ದಾರೆ. ಆ ಪಂಕ್ತಿಯಲ್ಲಿ ನಮ್ಮದೂ ಒಂದು ಗಂಗಾಳ.

ಸಿಟ್ಟು ಬರಿಯ ಮನಸ್ಸಿನ ವ್ಯಾಪಾರವಲ್ಲ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ರಸ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಎದುರಾದಾಗ ಹೋರಾಡಲು ಇಲ್ಲವೆ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆಯಿದು. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದರು. ಕೌಂಟರಿನ ಮುಂದೆ ಹುಲಿಯೂ ಇಲ್ಲ, ಓಡುವಂತೆಯೂ ಇಲ್ಲ. ಸಿದ್ಧತೆ ಮಾತ್ರ ಮೈಯಲ್ಲಿ ಉಳಿದು, ಮೊದಲು ಎದುರಾದವರ ಮೇಲೆ ಎರಗುತ್ತದೆ. ಆದ್ದರಿಂದ ‘ಸಿಟ್ಟಾಗಬೇಡ’ ಎಂದು ಮನಸ್ಸಿಗೆ ಹೇಳಿಕೊಳ್ಳುವುದು ಸಾಲದು, ದೇಹಕ್ಕೂ ಹೇಳಬೇಕು. ದೇಹಕ್ಕೆ ತಿಳಿಯುವ ಭಾಷೆ ಉಸಿರು. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತೇವೆ. ಅದನ್ನು 6ರ ಸುಮಾರಿಗೆ ಇಳಿಸಿ, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ದೀರ್ಘ ಮಾಡಿದರೆ ಎದೆಬಡಿತ ನಿಧಾನವಾಗುತ್ತದೆ. ಉಸಿರು ಹೊರಹೋಗುವಾಗ ಹೃದಯದ ವೇಗ ತುಸು ತಗ್ಗುವುದು ದೇಹದ ಸಹಜ ನಿಯಮ. ಪಾಳಿಯಲ್ಲಿ ನಿಂತೇ ಇದನ್ನು ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ನಮ್ಮ ಹಳ್ಳಿಯ ಮನೆಗಳ ರೂಢಿ. ಹೊರಗಿನಿಂದ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತಿದ್ದರು. ತಂಬಿಗೆಯ ನೀರಿನಿಂದ ಕಾಲು, ಮುಖ ತೊಳೆದು, ಕಟ್ಟೆಯ ಮೇಲೆ ತುಸು ಕುಳಿತು ಆಮೇಲೆ ಮಾತು. ಧೂಳು ಹೋಗಲೆಂದು ಮಾಡಿದ ಕ್ರಮವೇ ಸರಿ. ಆದರೆ ಸಂತೆಯ ಜಗಳ, ಬಸ್ಸಿನ ನೂಕಾಟ, ಕಚೇರಿಯ ಅಲೆದಾಟ ಆ ನೀರಿನೊಡನೆ ಎಷ್ಟೋ ಇಳಿದು ಹೋಗುತ್ತಿತ್ತೆಂದು ಈಗ ನಮಗೆ ತೋರುತ್ತದೆ. ಇಂದಿನ ಮನೆಗಳಲ್ಲಿ ಚಪ್ಪಲಿ ಬಿಡುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಬಿಡುವೇ ಇಲ್ಲ. ಮೊಬೈಲಿನಲ್ಲಿಯಂತೂ ದಾರಿಯಲ್ಲಿರುವಾಗಲೇ ಸಿಟ್ಟು ಮನೆ ಮುಟ್ಟಿರುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಸಮಾಧಾನವೆಂದರೆ ಅನ್ಯಾಯವನ್ನು ನುಂಗಿಕೊಂಡಿರುವುದಲ್ಲ. ಬೆರಳು ಹತ್ತದೆ ಬಡವರ ಮಾಸಾಶನ, ರೇಷನ್ ನಿಂತುಹೋಗುವುದು ಸಣ್ಣ ತೊಂದರೆಯಲ್ಲ. ಅದನ್ನು ಕೇಳಲೇಬೇಕು, ಸರಿಪಡಿಸಲೇಬೇಕು. ಮುದುಕಿ ಕೇಳಿದಳು. ಕೂಗಾಡಿದ ನಮಗಿಂತ ಅವಳ ಕೇಳುವಿಕೆಯೇ ಹೆಚ್ಚು ನಾಟಿತು. ನಮ್ಮ ಮನೆತನಗಳಲ್ಲಿ ತಾಳ್ಮೆಯ ಉಪದೇಶವೆಲ್ಲ ಸೊಸೆಯಂದಿರಿಗೆ, ಕಿರಿಯರಿಗೆ, ಆಳುಮಕ್ಕಳಿಗೆ ಮೀಸಲಾಗಿ, ಸಿಟ್ಟು ಯಜಮಾನನ ಭೂಷಣವೆಂಬಂತೆ ನಡೆದುಬಂದಿರುವುದೂ ಉಂಟು. ‘ಅವರು ಸಿಟ್ಟಿನವರು, ಆದರೆ ಮನಸ್ಸು ಒಳ್ಳೆಯದು’ ಎಂಬ ಮಾತನ್ನು ಮನೆಯ ಹೆಣ್ಣುಮಕ್ಕಳು ಎಷ್ಟು ತಲೆಮಾರಿನಿಂದ ಹೇಳುತ್ತ ಬಂದಿದ್ದಾರೋ! ಕರೆಂಟು ಹೋದಾಗ ಅರ್ಧ ಆದ ಚಟ್ನಿಯನ್ನು ಒರಳಿಗೆ ಹಾಕಿ ರುಬ್ಬಿ ಮುಗಿಸುವವರು ಅವರು; ಊಟ ತಡವಾಯಿತೆಂದು ಮುಖ ಗಂಟಿಕ್ಕಿಕೊಳ್ಳುವವರು ನಾವು.

ಆ ಹುಡುಗಿಯ ಬಳಿ ಮರುವಾರ ಹೋಗಿ ಅಂದಿನ ಮಾತಿಗೆ ಕ್ಷಮೆ ಕೇಳಿದೆವು. ಅವಳು ತಬ್ಬಿಬ್ಬಾಗಿ, "ಅಯ್ಯೋ, ಬಿಡ್ರಿ ಸರ್, ದಿನಾ ಹತ್ತು ಮಂದಿ ಬೈತಾರ" ಎಂದಳು. ಆ ಹತ್ತರಲ್ಲಿ ನಮ್ಮನ್ನು ಬೇರೆಯಾಗಿ ನೆನಪಿಟ್ಟುಕೊಂಡಂತೆ ಕಾಣಲಿಲ್ಲ. ಮುದುಕಿಯ ಹಣ ಬಂತೇ ಎಂದು ಕೇಳಿದೆವು. ನಾಲ್ಕನೆಯ ದಿನ ಬಂದಿತ್ತು.

ಈಗ ನಮ್ಮ ಮನೆಯ ಹೊರಬಾಗಿಲ ಪಕ್ಕದ ನಲ್ಲಿಯ ಕೆಳಗೆ ಹಿತ್ತಾಳೆಯ ತಂಬಿಗೆಯೊಂದಿದೆ. ಮೊಮ್ಮಗ ನೋಟುಪುಸ್ತಕವನ್ನು ಮತ್ತೆ ತರುತ್ತಿದ್ದಾನೆ. ಆದರೆ ಮೊದಲಿನಂತೆ ಓಡಿ ಬರುವುದಿಲ್ಲ. ಪಡಸಾಲೆಯ ಹೊಸ್ತಿಲಲ್ಲಿ ನಿಂತು ಒಮ್ಮೆ ನಮ್ಮ ಮುಖ ನೋಡುತ್ತಾನೆ. ನಾವು ಕಣ್ಣು ಮಿಟುಕಿಸುತ್ತೇವೆ. ಕೆಲವು ಸಂಜೆ ಒಳಗೆ ಬರುತ್ತಾನೆ, ಕೆಲವು ಸಂಜೆ ತಾಯಿಯ ಬಳಿಗೆ ಹೋಗುತ್ತಾನೆ.