ತಾಂಜಿರೊ ತೆಲುಗು ಮಾತಾಡಿದ, ಕನ್ನಡ ಯಾವಾಗ?

ಈ ಸಲ ಹಾಡು ಪಕ್ಕಕ್ಕಿರಲಿ, ದನಿಯ ವಿಷಯ ಮಾತಾಡೋಣ.

2025ರ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಎಂಬ ಜಪಾನಿ ಅನಿಮೇಷನ್ ಚಿತ್ರ ನಮ್ಮ ದೇಶದಲ್ಲಿ ತೆರೆಕಂಡಿತು. ಕೊಯೊಹಾರು ಗೊತೊಗೆ 2016ರಿಂದ 2020ರವರೆಗೆ ವಾರಪತ್ರಿಕೆಯೊಂದರಲ್ಲಿ ಬರೆದ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ, ಇದಕ್ಕೆ ಮೂಲ. ರಾಕ್ಷಸನ ದಾಳಿಗೆ ಮನೆಮಂದಿಯನ್ನು ಕಳೆದುಕೊಂಡ ತಾಂಜಿರೊ, ರಾಕ್ಷಸಿಯಾಗಿ ಮಾರ್ಪಟ್ಟ ತಂಗಿ ನೆಜುಕೊಳನ್ನು ಮತ್ತೆ ಮನುಷ್ಯಳಾಗಿಸಲು ಕತ್ತಿ ಹಿಡಿಯುತ್ತಾನೆ. ಕಥೆ ಇಷ್ಟೇ. ಆದರೆ ಹೊಡೆದಾಟ ನೋಡಬೇಕು ನೀವು!

ಚಿತ್ರ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ವಿಶಾಖಪಟ್ಟಣದ, ವಿಜಯವಾಡದ ಹುಡುಗರಿಗೆ ತಾಂಜಿರೊ ಮನೆಮಾತಿನಲ್ಲೇ ಸಿಕ್ಕ. ಹುಬ್ಬಳ್ಳಿಯ ಹುಡುಗನಿಗೆ ಸಿಗಲಿಲ್ಲ. ಕನ್ನಡದ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

ಯಾಕೆ ಹೀಗೆ? ಎರಡು ಗಾಂಧಿನಗರಗಳನ್ನು ನೋಡಿ. ವಿಜಯವಾಡದ ಗಾಂಧಿನಗರ ತೆಲುಗು ಚಿತ್ರಗಳ ಹಂಚಿಕೆದಾರರ ಬೀಡು, ಬೆಂಗಳೂರಿನ ಗಾಂಧಿನಗರ ನಮ್ಮ ಚಿತ್ರರಂಗದ್ದು. ಅಲ್ಲಿ ಡಬ್ಬಿಂಗ್ ಎಂದೂ ವ್ಯಾಪಾರದ ಒಂದು ಭಾಗ. ನಮ್ಮಲ್ಲಿ 1960ರ ದಶಕದಲ್ಲಿ ಅದರ ವಿರುದ್ಧ ಹೋರಾಟವೇ ನಡೆಯಿತು. ಆಗ ಕನ್ನಡ ಚಿತ್ರರಂಗ ಚಿಕ್ಕದು, ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿತ್ತು. ಹೊರಗಿನ ಚಿತ್ರಗಳು ಕನ್ನಡದ ದನಿಯಲ್ಲೇ ಬಂದರೆ ನಮ್ಮ ಕಲಾವಿದರಿಗೆ ಕೆಲಸವೆಲ್ಲಿ ಎಂಬ ಭಯ ನ್ಯಾಯವಾದದ್ದೇ. ಆದರೆ ಕಾನೂನಿನಲ್ಲಿಲ್ಲದ ಆ ನಿಷೇಧ ದಶಕಗಳ ಕಾಲ ಉಳಿದುಬಿಟ್ಟಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಡಬ್ ಆಗಿ ಬಂತು. ಬಾಗಿಲು ತೆರೆಯಿತು, ಆದರೆ ಒಳಗೆ ಬರುವವರು ಮಾರುಕಟ್ಟೆಯ ಲೆಕ್ಕ ಹಾಕಿಯೇ ಬರುತ್ತಾರೆ.

ಮೈಕಿನ ಮುಂದೆ ದಿನ ಕಳೆಯುವ ನನಗೆ ಒಂದು ಮಾತು ಹೇಳಲೇಬೇಕು. ಜಪಾನಿ ಚಿತ್ರಕ್ಕೆ ದನಿ ಕೊಡಲು ಇಂಗ್ಲಿಷಿಗಿಂತ ಕನ್ನಡವೇ ಹೆಚ್ಚು ಹೊಂದುತ್ತದೆ! ಜಪಾನಿಯಲ್ಲೂ ನಮ್ಮಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. 'ನಿನ್ನನ್ನು ನಾನು ಬಿಡುವುದಿಲ್ಲ' ಎಂದರೆ ಆ 'ಇಲ್ಲ' ಅಲ್ಲೂ ಕೊನೆಯಲ್ಲೇ. ಹಾಗಾಗಿ ಕತ್ತಿ ಬೀಸುವ ಗಳಿಗೆಗೇ ಮುಖ್ಯ ಮಾತು ಬೀಳುತ್ತದೆ. ಹೆಚ್ಚಿನ ಪದಗಳು ಎರಡೂ ಕಡೆ ಸ್ವರದಿಂದ ಮುಗಿಯುವುದರಿಂದ, ಬರೆದ ತುಟಿಯ ಚಲನೆಗೆ ಮಾತು ಕೂರಿಸುವುದೂ ಸಲೀಸು. ಇನ್ನು ಅಣ್ಣ, ತಮ್ಮ, ಅಕ್ಕ, ತಂಗಿಗೆ ಜಪಾನಿಯಲ್ಲೂ ಬೇರೆ ಬೇರೆ ಪದಗಳಿವೆ. ಇಂಗ್ಲಿಷಿನ 'ಬ್ರದರ್' ಕಳೆದುಕೊಳ್ಳುವುದನ್ನು ನಮ್ಮ 'ಅಣ್ಣಾ' ಒಂದೇ ಉಸಿರಿನಲ್ಲಿ ಉಳಿಸಿಕೊಳ್ಳುತ್ತದೆ. ಈ ಅನುಕೂಲವೆಲ್ಲ ತೆಲುಗಿಗೂ ಇದೆ, ಅವರು ಬಳಸಿಕೊಂಡರು.

2025ರ ಜುಲೈನಲ್ಲಿ ಬಂದ ಅನಿಮೇಷನ್ ಚಿತ್ರ 'ಮಹಾವತಾರ್ ನರಸಿಂಹ' ಕನ್ನಡದಲ್ಲೂ ಮಾತಾಡಿತು. ಅಂದರೆ ದನಿ ಕೊಡುವವರಿಗೇನೂ ಬರವಿಲ್ಲ. 'ಇನ್ಫಿನಿಟಿ ಕ್ಯಾಸಲ್' ಮೂರು ಭಾಗಗಳ ಸರಣಿಯ ಮೊದಲನೆಯದು. ಇನ್ನೆರಡಕ್ಕಾದರೂ ನಾವು 'ಕನ್ನಡದಲ್ಲಿ ಬೇಕು' ಎಂದು ಗಟ್ಟಿಯಾಗಿ ಕೇಳಬೇಕು. ಮಕ್ಕಳ ಶೌರ್ಯ, ಅಳು, ನಗು ಎಲ್ಲವೂ ಪರಭಾಷೆಯಲ್ಲೇ ಆದರೆ ಕನ್ನಡಕ್ಕೆ ಉಳಿಯುವುದು ಬರೀ ಹೋಂವರ್ಕ್.

ನಿಮ್ಮ ಮನೆಯ ಮಕ್ಕಳು ಕಾರ್ಟೂನ್ ಯಾವ ಭಾಷೆಯಲ್ಲಿ ನೋಡುತ್ತಾರೆ? ಬರೆದು ತಿಳಿಸಿ. ಮತ್ತೆ ಸಿಗೋಣ!