ಡಿಜಿಟಲ್ ಪಿಯಾನೋ: ಪೆಡಲನ್ನು ಹೊಂದಿಸುವ ಬಗೆ

ವೃತ್ತಿ ನಾಟಕ ಕಂಪೆನಿಗಳ ಆಟಗಳನ್ನು ಕಂಡ ಹಿರಿಯರಿಗೆ ಕಾಲು ಹಾರ್ಮೋನಿಯಂ ಹೊಸದಲ್ಲ. ಅದರ ಪೆಡಲನ್ನು ತುಳಿದರೆ ತಿದಿಗೆ ಗಾಳಿ. ಗಾಳಿ ತೀರಿದರೆ ನಾದವೂ ತೀರಿತು. ಪಿಯಾನೋದ ಪೆಡಲಿನ ಧರ್ಮವೇ ಬೇರೆ. ಅದು ನಾದವನ್ನು ಹುಟ್ಟಿಸುವುದಿಲ್ಲ, ಹುಟ್ಟಿದ ನಾದವನ್ನು ಉಳಿಸುತ್ತದೆ. ಈ ಭೇದವನ್ನರಿಯದೆ ಮೊಮ್ಮಗಳಿಗೆ 'ತಾಳಕ್ಕೆ ಸರಿಯಾಗಿ ತುಳಿಯಮ್ಮ' ಎನ್ನುವ ಅಜ್ಜಂದಿರು ಉಂಟು!

ಪಿಯಾನೋ ನಮ್ಮ ನಾಡಿಗೆ ಅಪರಿಚಿತವೂ ಅಲ್ಲ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದ ವಾದಕರು. ಆದರೆ ನಾಗಪುರದಲ್ಲಿ ಮೇ ತಿಂಗಳ ಒಣ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಅದರ ಬೆನ್ನಿಗೇ ಮಳೆಗಾಲದ ತೇವ. ಮರದ ಪಿಯಾನೋದ ಶ್ರುತಿ ಇದನ್ನು ತಾಳಲಾರದು. ಫ್ಲ್ಯಾಟಿನಲ್ಲಿ ನೆರೆಯವರ ನಿದ್ರೆಯ ಪ್ರಶ್ನೆ ಬೇರೆ. ಆದುದರಿಂದ ಮಕ್ಕಳ ಅಭ್ಯಾಸಕ್ಕೆ ಡಿಜಿಟಲ್ ಪಿಯಾನೋವನ್ನು ಆರಿಸುವುದು ಯುಕ್ತವೇ.

ಮರದ ಪಿಯಾನೋದಲ್ಲಿ ಬಲ ಪೆಡಲು ತಂತಿಗಳ ಮೇಲಿನ ಉಣ್ಣೆಯ ತಡೆಗಳನ್ನು ಒಮ್ಮೆಗೇ ಎತ್ತುತ್ತದೆ. ಎಡದ್ದು ನಾದವನ್ನು ಮೃದುಗೊಳಿಸುತ್ತದೆ. ಡಿಜಿಟಲ್ ವಾದ್ಯದಲ್ಲಿ ತಂತಿಯೂ ಇಲ್ಲ, ತಡೆಯೂ ಇಲ್ಲ. ಕಾಲಿನ ಚಲನೆಯನ್ನು ವಾದ್ಯ ಅಳೆಯುತ್ತದೆ, ಅಷ್ಟೆ. ಅದಕ್ಕೆ ಏನು ಅರ್ಥ ಕೊಡಬೇಕೆಂಬುದು ಹೊಂದಾಣಿಕೆಗೆ ಬಿಟ್ಟದ್ದು. ಹೊಂದಾಣಿಕೆ ತಪ್ಪಿದ್ದರೆ ಮಗುವಿನ ಕಾಲು ತಪ್ಪನ್ನೇ ಕಲಿಯುತ್ತದೆ. ಪರೀಕ್ಷೆಯ ದಿನ ಮರದ ಪಿಯಾನೋದ ಮುಂದೆ ಕುಳಿತಾಗ, ಹಿಂದಿನ ಪುಟದ ಶಿಲ್ಕಿನಂತೆ ಹಳೆಯ ಸ್ವರಗಳೆಲ್ಲ ಹೊಸ ಸ್ವರಗಳೊಡನೆ ಕಲಸಿಹೋಗುತ್ತವೆ.

ಮೊದಲು ಪೆಡಲು ಯಾವ ಜಾತಿಯದೆಂದು ತಿಳಿಯಬೇಕು. ಅಗ್ಗದ ವಾದ್ಯಗಳೊಡನೆ ಬರುವ ಚಿಕ್ಕ ಪೆಡಲು ಕೇವಲ ಸ್ವಿಚ್ಚು. ಅದಕ್ಕೆ ಪೂರ್ಣ ಮತ್ತು ಶೂನ್ಯ ಎರಡೇ ಗೊತ್ತು; ಅರ್ಧ ತುಳಿತವೆಂಬುದಿಲ್ಲ. ಯಮಾಹಾದ ಎಫ್‌ಸಿ5 ಇಂಥದು. ಎಫ್‌ಸಿ3ಎ ಅರ್ಧ ತುಳಿತವನ್ನೂ ಗ್ರಹಿಸಬಲ್ಲದು, ವಾದ್ಯಕ್ಕೆ ಆ ಸೌಲಭ್ಯವಿದ್ದರೆ. ಅಂಥ ಕೆಲವು ವಾದ್ಯಗಳಲ್ಲಿ 'ಹಾಫ್ ಪೆಡಲ್ ಪಾಯಿಂಟ್' ಎಂಬ ಹೊಂದಾಣಿಕೆ ಇರುತ್ತದೆ. ಎಷ್ಟು ತುಳಿದಾಗ ನಾದ ಉಳಿಯತೊಡಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಒಂದು ಸ್ವರವನ್ನು ನುಡಿಸಿ, ಬೆರಳೆತ್ತಿ, ಪೆಡಲನ್ನು ನಿಧಾನವಾಗಿ ಬಿಡುತ್ತ ಕಿವಿಗೊಟ್ಟರೆ ನಾದ ಅಡಗುವ ಬಿಂದು ತಿಳಿಯುತ್ತದೆ. ಕಾಲು ಸುಮ್ಮನೆ ಒರಗಿದಾಗಲೇ ನಾದ ಉಳಿಯುವಂತಿದ್ದರೆ ಆ ಬಿಂದುವನ್ನು ಕೆಳಕ್ಕೆ ಸರಿಸಬೇಕು. ಅನುರಣನದ ಪ್ರಮಾಣವನ್ನು ಮಿತವಾಗಿಡುವುದು ಲೇಸು. ಹೆಡ್‌ಫೋನಿನಲ್ಲಿ ಇಂಪಾದದ್ದು ಕೋಣೆಯಲ್ಲಿ ಗದ್ದಲವಾದೀತು.

ಪೆಡಲು ತಿರುಗುಮುರುಗಾಗಿ ವರ್ತಿಸಿದರೆ ರಿಪೇರಿಯವನನ್ನು ಕರೆಯುವ ಅವಸರ ಬೇಡ. ಸ್ವಿಚ್ಚು ಹಾಕುವಾಗ ಕಾಲು ಪೆಡಲಿನ ಮೇಲಿದ್ದರೆ ಅನೇಕ ವಾದ್ಯಗಳಲ್ಲಿ ಹೀಗಾಗುತ್ತದೆ. ಆರಿಸಿ, ಕಾಲೆತ್ತಿ, ಮತ್ತೆ ಹಾಕಿದರಾಯಿತು. ಮೂರು ಪೆಡಲಿನ ಪೆಟ್ಟಿಗೆ ತುಳಿದಾಗ ತೂಗಿದರೆ ಅಡಿಯ ತಿರುಪನ್ನು ನೆಲ ಮುಟ್ಟುವವರೆಗೆ ತಿರುಗಿಸಬೇಕು. ಕರೆಂಟು ಹೋಗಿ ಬಂದಾಗ ಹೊಂದಾಣಿಕೆಗಳು ಅಳಿದುಹೋಗುವ ವಾದ್ಯಗಳೂ ಇವೆ. ಅಂಕಿಗಳನ್ನು ಬರೆದಿಡುವುದು ಜಾಣತನ.

ಇನ್ನು ದೇಹದ ಮಾತು. ಹಿಮ್ಮಡಿ ನೆಲದಲ್ಲೂರಿರಬೇಕು, ಹರಡು ಮಾತ್ರ ಬಾಗಬೇಕು. ತೊಡೆಯಿಂದ ತುಳಿಯುವ ಮಗುವಿಗೆ ಮೀನಖಂಡ, ಸೊಂಟ ಎರಡೂ ನೋಯುತ್ತವೆ. ಕಾಲು ಎಟುಕದ ಮಗು ಕುರ್ಚಿಯ ಅಂಚಿಗೆ ಜಾರಿ ಬೆನ್ನು ಬಾಗಿಸುತ್ತದೆ. ಪೆಡಲನ್ನು ಎತ್ತರಿಸುವ ಪೆಟ್ಟಿಗೆಯೇ ಇದಕ್ಕೆ ಪರಿಹಾರ, ಗದರಿಕೆಯಲ್ಲ. ನಮ್ಮ ಮನೆಗಳಲ್ಲಿ ಅಭ್ಯಾಸವೆಲ್ಲ ಬರಿಗಾಲಿನಲ್ಲಿ, ಪರೀಕ್ಷೆ ಮಾತ್ರ ಬೂಟಿನಲ್ಲಿ. ಪರೀಕ್ಷೆಗೆ ಎಂಟು ದಿನ ಮೊದಲಿಂದಲೇ ಅದೇ ಬೂಟನ್ನು ತೊಡಿಸಿ ನುಡಿಸಲು ಕೂರಿಸಬೇಕು.