ಬೆಳೆಯ ಛಾಯಾಚಿತ್ರಗಳಲ್ಲಿ ವಿವರ ದಾಖಲಿಸುವುದು ಮತ್ತು ಕಾಪಾಡುವುದು

ಬೆಳೆಯಲ್ಲಿ ರೋಗ, ಕೀಟ ಅಥವಾ ಪೋಷಕಾಂಶದ ಕೊರತೆ ಕಂಡ ಕೂಡಲೇ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ತಜ್ಞರಿಗೆ ಕಳುಹಿಸುವುದು ಇಂದು ರೂಢಿಯಾಗಿದೆ. ಆದರೆ ಅನೇಕ ಚಿತ್ರಗಳ ಜೊತೆ ಬೆಳೆಯ ವಯಸ್ಸು, ಸ್ಥಳ, ದಿನಾಂಕ ಯಾವುದೂ ಇರುವುದಿಲ್ಲ. ಅಂತಹ ಚಿತ್ರದಿಂದ ಖಚಿತವಾದ ಸಲಹೆ ನೀಡುವುದು ಕಷ್ಟ. ಊಹೆಯ ಮೇಲೆ ಸಿಂಪಡಣೆ ಕೈಗೊಂಡರೆ ಹಣವೂ ಸಮಯವೂ ವ್ಯರ್ಥವಾಗುತ್ತವೆ.

ವಿವರ ಏಕೆ ಬೇಕು?

ಎಲೆ ಹಳದಿಯಾಗುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಾರಜನಕವು ಸಸ್ಯದೊಳಗೆ ಹಳೆಯ ಎಲೆಗಳಿಂದ ಹೊಸ ಎಲೆಗಳಿಗೆ ಸುಲಭವಾಗಿ ಸಾಗುವುದರಿಂದ ಅದರ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣಿಸುತ್ತದೆ. ಗಂಧಕ ಮತ್ತು ಕಬ್ಬಿಣ ಹಾಗೆ ಸಾಗದ ಕಾರಣ ಅವುಗಳ ಕೊರತೆ ಮೊದಲು ಎಳೆಯ ಎಲೆಗಳಲ್ಲಿ ಕಾಣಿಸುತ್ತದೆ. ಕಿತ್ತು ಅಂಗೈ ಮೇಲಿಟ್ಟು ತೆಗೆದ ಒಂದೇ ಎಲೆಯ ಚಿತ್ರದಲ್ಲಿ ಅದು ಮೇಲಿನದೋ ಕೆಳಗಿನದೋ ತಿಳಿಯುವುದಿಲ್ಲ. ಹಾಗೆಯೇ ಭತ್ತದಲ್ಲಿ ಸತುವಿನ ಕೊರತೆಯಿಂದ ಬರುವ ತುಕ್ಕು ಬಣ್ಣದ ಮಚ್ಚೆಗಳು ಸಾಮಾನ್ಯವಾಗಿ ನಾಟಿ ಮಾಡಿದ 2 ರಿಂದ 4 ವಾರಗಳಲ್ಲಿ ಕಾಣಿಸುತ್ತವೆ. ಇವನ್ನು ಶಿಲೀಂಧ್ರದಿಂದ ಬರುವ ಕಂದು ಚುಕ್ಕೆ ರೋಗವೆಂದು ತಪ್ಪಾಗಿ ತಿಳಿದು ಶಿಲೀಂಧ್ರನಾಶಕ ಸಿಂಪಡಿಸಿದರೆ ಪ್ರಯೋಜನವಾಗದು. ನಾಟಿಯ ದಿನಾಂಕ ತಿಳಿದಿದ್ದರೆ ಇವೆರಡನ್ನು ಬೇರ್ಪಡಿಸಲು ನೆರವಾಗುತ್ತದೆ.

ಮೆಟಾಡೇಟಾ ಎಂದರೇನು?

ಚಿತ್ರದ ಕಡತದೊಳಗೇ ಅಡಕವಾಗಿರುವ, ಚಿತ್ರವನ್ನು ಕುರಿತ ಮಾಹಿತಿಯೇ ಮೆಟಾಡೇಟಾ. ಇದರಲ್ಲಿ ಎರಡು ಬಗೆಗಳಿವೆ.

1. ಮೊಬೈಲ್ ತಾನಾಗಿಯೇ ಬರೆಯುವ ಮಾಹಿತಿ: ದಿನಾಂಕ, ಸಮಯ, ಮೊಬೈಲಿನ ಮಾದರಿ ಮತ್ತು ಜಿಪಿಎಸ್ ಮೂಲಕ ಪಡೆದ ಅಕ್ಷಾಂಶ-ರೇಖಾಂಶ. ಇದಕ್ಕೆ ಎಕ್ಸಿಫ್ ಎಂದು ಹೆಸರು.

2. ನಾವು ಸೇರಿಸಬೇಕಾದ ಮಾಹಿತಿ: ಬೆಳೆ, ತಳಿ, ಬಿತ್ತನೆ ಅಥವಾ ನಾಟಿಯ ದಿನಾಂಕ, ಬಾಧೆಗೊಳಗಾದ ಭಾಗ, ಹಿಂದೆ ನೀಡಿದ ಗೊಬ್ಬರ ಮತ್ತು ಔಷಧ. ಇದನ್ನು ಯಾವ ಮೊಬೈಲೂ ತಾನಾಗಿ ಬರೆಯಲಾರದು.

ಚಿತ್ರ ತೆಗೆಯುವಾಗ

• ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ದಾಖಲಿಸುವ ಆಯ್ಕೆಯನ್ನು ಚಾಲನೆಗೊಳಿಸಿ. ಮೊಬೈಲಿನ ಲೊಕೇಶನ್ ಸಹ ಆನ್ ಆಗಿರಬೇಕು.

• ಜಮೀನಿನಲ್ಲಿಯೇ ನಿಂತು ಚಿತ್ರ ತೆಗೆಯಿರಿ. ಗಿಡವನ್ನು ಮನೆಗೆ ತಂದು ತೆಗೆದರೆ ಮನೆಯ ಸ್ಥಳವೇ ದಾಖಲಾಗುತ್ತದೆ.

• ಕನಿಷ್ಠ ಮೂರು ಚಿತ್ರಗಳಿರಲಿ: ತಾಕಿನ ನೋಟ, ಪೂರ್ಣ ಗಿಡ, ಬಾಧಿತ ಭಾಗದ ಸಮೀಪ ನೋಟ. ಗಾತ್ರ ತಿಳಿಯಲು ಪಕ್ಕದಲ್ಲಿ ನಾಣ್ಯ ಅಥವಾ ಪೆನ್ನು ಇಡಿ.

• ದಿನಾಂಕ, ಗ್ರಾಮ, ಸರ್ವೆ ನಂಬರ್, ಬೆಳೆ, ತಳಿ, ನಾಟಿಯ ದಿನಾಂಕ ಇವನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಕನಿಷ್ಠ ಒಂದು ಚಿತ್ರದಲ್ಲಿ ಗಿಡದ ಪಕ್ಕದಲ್ಲಿ ಓದಲು ಬರುವಂತೆ ಹಿಡಿಯಿರಿ. ಮೆಟಾಡೇಟಾ ಅಳಿಸಿಹೋದರೂ ಚೀಟಿಯ ಬರಹ ಚಿತ್ರದಲ್ಲಿ ಉಳಿಯುತ್ತದೆ.

ಕಳುಹಿಸುವಾಗ

ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುವುದರ ಜೊತೆಗೆ ಸ್ಥಳ ಮುಂತಾದ ಮೆಟಾಡೇಟಾ ಕಳೆದುಹೋಗುತ್ತದೆ. ಅದೇ ಕಡತವನ್ನು ‘ಡಾಕ್ಯುಮೆಂಟ್’ ಆಯ್ಕೆಯ ಮೂಲಕ ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ. ಸ್ಕ್ರೀನ್‌ಶಾಟ್ ಕಳುಹಿಸಬೇಡಿ, ಅದರಲ್ಲಿ ಮೂಲ ಚಿತ್ರದ ಮಾಹಿತಿ ಇರುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬರೆದ ಶೀರ್ಷಿಕೆ ತಮ್ಮ ಖಾತೆಯಲ್ಲಿ ಉಳಿಯುವುದೇ ಹೊರತು ಕಡತದ ಜೊತೆ ಹೋಗುವುದೆಂದು ನಂಬುವಂತಿಲ್ಲ. ಆದುದರಿಂದ ಮುಖ್ಯ ವಿವರಗಳನ್ನು ಸಂದೇಶದಲ್ಲಿಯೂ ಬರೆಯಿರಿ.

ವಿಸ್ತರಣಾ ಕಾರ್ಯಕರ್ತರಿಗೆ

ಒಂದು ಹಂಗಾಮಿನಲ್ಲಿ ನೂರಾರು ಚಿತ್ರಗಳು ಸಂಗ್ರಹವಾಗುವುದರಿಂದ ಹೆಸರಿಡುವ ಕ್ರಮ ಒಂದೇ ಆಗಿರಬೇಕು. ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ ಆರಂಭಿಸಿ, ಉದಾಹರಣೆಗೆ ‘2024-08-14_ಭತ್ತ_ಗ್ರಾಮ_01’ ಎಂದು ಹೆಸರಿಟ್ಟರೆ ಕಡತಗಳು ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಜೆಪೆಗ್ ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ವಿಭಾಗಕ್ಕೆ ಹೋದರೆ ಶೀರ್ಷಿಕೆ, ಟ್ಯಾಗ್ ಮತ್ತು ಟಿಪ್ಪಣಿಗಳನ್ನು ಕಡತದೊಳಗೇ ಬರೆಯಬಹುದು. ಚಿತ್ರಗಳು ಹೆಚ್ಚಿದ್ದಲ್ಲಿ ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಬಳಸಬಹುದು. ಟ್ಯಾಗ್‌ಗಳಲ್ಲಿ ಒಂದೇ ಪದವಿರಲಿ. ಒಮ್ಮೆ ‘ಮೆಕ್ಕೆಜೋಳ’, ಮತ್ತೊಮ್ಮೆ ‘ಗೋವಿನಜೋಳ’ ಎಂದು ಬರೆದರೆ ಹುಡುಕಿದಾಗ ಅರ್ಧ ಚಿತ್ರಗಳು ಮಾತ್ರ ಸಿಗುತ್ತವೆ. ಪ್ರತ್ಯೇಕ ಡಿಜಿಟಲ್ ಕ್ಯಾಮೆರಾ ಬಳಸುವವರು ಅದರ ಗಡಿಯಾರವನ್ನು ಆಗಾಗ ಪರೀಕ್ಷಿಸಬೇಕು.

ಹೊಸ ಕೀಟಗಳ ವಿಷಯದಲ್ಲಿ ಈ ದಾಖಲೆಗಳಿಗೆ ಹೆಚ್ಚಿನ ಮಹತ್ವವಿದೆ. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಇಂತಹ ಕೀಟ ಯಾವ ದಿನ, ಯಾವ ತಾಲ್ಲೂಕಿನಲ್ಲಿ ಕಂಡಿತೆಂಬ ದಾಖಲೆ ಇದ್ದರೆ ಅದು ಹರಡುವ ದಿಕ್ಕನ್ನು ಗುರುತಿಸಿ ನೆರೆಯ ರೈತರನ್ನು ಎಚ್ಚರಿಸಲು ಸಾಧ್ಯ.

ಗಮನಿಸಬೇಕಾದ ಅಂಶಗಳು

• ಆಲಿಕಲ್ಲು ಮಳೆ, ಭೂಕುಸಿತದಂತಹ ಸ್ಥಳೀಯ ವಿಕೋಪದಿಂದ ವಿಮೆ ಮಾಡಿದ ಬೆಳೆ ಹಾನಿಯಾದರೆ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ 72 ಗಂಟೆಗಳೊಳಗೆ ಮಾಹಿತಿ ನೀಡಬೇಕು. ಛಾಯಾಚಿತ್ರ ಇದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

• ಮೆಟಾಡೇಟಾವನ್ನು ತಿದ್ದಲು ಸಾಧ್ಯವಿರುವುದರಿಂದ ಅದೊಂದನ್ನೇ ಸಾಕ್ಷ್ಯವೆಂದು ಪರಿಗಣಿಸಲಾಗದು. ಮೂಲ ಕಡತವನ್ನು ಅಳಿಸದೆ, ತಿದ್ದದೆ ಇಟ್ಟುಕೊಳ್ಳಿ.

• ಸ್ಥಳದ ಮಾಹಿತಿಯುಳ್ಳ ಚಿತ್ರದಿಂದ ತಮ್ಮ ಮನೆ, ತೋಟ ಎಲ್ಲಿವೆ ಎಂಬುದು ಯಾರಿಗಾದರೂ ತಿಳಿಯಬಹುದು. ಸಾಮಾಜಿಕ ಜಾಲತಾಣಗಳಲ್ಲಿ ಹಂಚುವ ಮೊದಲು ಆ ಮಾಹಿತಿಯನ್ನು ತೆಗೆದುಹಾಕಿ. ರೈತರ ಮುಖ, ಆಧಾರ್ ಅಥವಾ ಪಾಸ್‌ಬುಕ್ ಚಿತ್ರದಲ್ಲಿ ಬಾರದಂತೆ ನೋಡಿಕೊಳ್ಳಿ.

ಬೆಳೆಯಲ್ಲಿ ಅಸಹಜ ಲಕ್ಷಣ ಕಂಡ ದಿನವೇ ಮೇಲಿನಂತೆ ಚಿತ್ರ ಮತ್ತು ವಿವರಗಳನ್ನು ಸಿದ್ಧಪಡಿಸಿಕೊಂಡು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ. ಸಲಹೆ ದೊರೆಯುವವರೆಗೆ ಔಷಧ ಸಿಂಪಡಿಸದಿರುವುದು ಸೂಕ್ತ.